ಪಟಾಕಿ ಮಳಿಗೆಯ ಬಜೆಟ್: ನಿಯಮ ಬದಲಾದರೂ ಕೈ ಸುಡದಂತೆ ಲೆಕ್ಕ ಹಾಕುವುದು ಹೇಗೆ?

ದೀಪಾವಳಿಗೆ ಪಟಾಕಿ ಮಳಿಗೆ ಹಾಕಿ ನಷ್ಟ ಮಾಡಿಕೊಂಡವರನ್ನು ಕೇಳಿ ನೋಡಿ. ಒಬ್ಬರು ಮಳೆ ಬಂತು ಅನ್ನುತ್ತಾರೆ, ಇನ್ನೊಬ್ಬರು ಕೊನೇ ಗಳಿಗೆಯಲ್ಲಿ ಸರ್ಕಾರ ಆದೇಶ ಹೊರಡಿಸಿತು ಅನ್ನುತ್ತಾರೆ. ಎರಡೂ ನಿಜವೇ. ಆದರೆ ಅವರ ಬಿಲ್ಲು, ರಸೀದಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿದರೆ ಬೇರೊಂದು ಸಂಗತಿ ಕಾಣುತ್ತದೆ. ಮಾಲಿನ ಹಣ ಪೂರ್ತಿ ಕಟ್ಟಿದ್ದು ಮೊದಲು, ಪರವಾನಗಿ ಕೈಗೆ ಬಂದದ್ದು ಆಮೇಲೆ. ನಷ್ಟ ಹುಟ್ಟುವುದು ಈ ಎರಡು ತಾರೀಖುಗಳ ನಡುವೆ.

ಈ ಮಾರ್ಗದರ್ಶಿ ತಾತ್ಕಾಲಿಕ ಮಳಿಗೆ ಹಾಕುವವರಿಗೆ. ವರ್ಷವಿಡೀ ಕಿರಾಣಿಯೋ ಫ್ಯಾನ್ಸಿ ಸ್ಟೋರೋ ನಡೆಸುತ್ತ ಹಬ್ಬದ ವಾರ ಮಾತ್ರ ಪಟಾಕಿ ಮಾರುವವರು, ನಾಲ್ಕು ಜನ ಗೆಳೆಯರು ಸೇರಿ ಬಂಡವಾಳ ಹೂಡುವವರು, ತಿಂಗಳ ಚೀಟಿ ನಡೆಸಿ ಹಬ್ಬಕ್ಕೆ ಬಾಕ್ಸ್ ಕೊಡುವವರು ಇದನ್ನು ಓದಬೇಕು. ಕಾಯಂ ಪರವಾನಗಿ, ಸ್ವಂತ ಗೋಡೌನ್ ಇರುವ ದೊಡ್ಡ ವ್ಯಾಪಾರಿಗಳ ಲೆಕ್ಕವೇ ಬೇರೆ, ಅದಕ್ಕೆ ಇಲ್ಲಿ ಕೈ ಹಾಕುವುದಿಲ್ಲ.

ಮೊದಲು ಕ್ಯಾಲೆಂಡರ್, ಆಮೇಲೆ ಕ್ಯಾಲ್ಕುಲೇಟರ್

ಒಂದು ಹಾಳೆ ತೆಗೆದುಕೊಂಡು ನರಕ ಚತುರ್ದಶಿಯಿಂದ ಹಿಂದಕ್ಕೆ ಎರಡು ತಿಂಗಳು ಬರೆದುಕೊಳ್ಳಿ. ಅದರಲ್ಲಿ ನಿಯಮ ಬದಲಾಗಬಹುದಾದ ಜಾಗಗಳನ್ನು ಗುರುತು ಹಾಕಬೇಕು. ಪಟಾಕಿಯ ನಿಯಮ ಒಂದೇ ಕಡೆಯಿಂದ ಬರುವುದಿಲ್ಲ. ಸ್ಫೋಟಕ ಕಾಯ್ದೆ 1884ರದ್ದು, ಅದರ ಕೆಳಗಿನ ಸ್ಫೋಟಕ ನಿಯಮಗಳು 2008ರವು. ಇವು ಕೇಂದ್ರದವು, ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ನೋಡಿಕೊಳ್ಳುತ್ತದೆ. ಇವು ಆಗಾಗ ಬದಲಾಗುವುದಿಲ್ಲ. ಬದಲಾಗುವುದು ಇದರ ಮೇಲಿನ ಎರಡು ಪದರಗಳು: ಒಂದು ಸುಪ್ರೀಂ ಕೋರ್ಟಿನ ಆದೇಶ, ಇನ್ನೊಂದು ರಾಜ್ಯ ಸರ್ಕಾರ, ಜಿಲ್ಲಾಡಳಿತ ಮತ್ತು ಪೊಲೀಸರ ಆದೇಶ. ಇವು ಹಬ್ಬ ಹತ್ತಿರ ಬಂದಾಗಲೇ ಬರುತ್ತವೆ.

ಎಷ್ಟು ಹತ್ತಿರ ಅನ್ನುವುದಕ್ಕೆ ಹಳೆಯ ವರ್ಷಗಳನ್ನೇ ನೋಡಿ. 2018ರಲ್ಲಿ ದೀಪಾವಳಿ ನವೆಂಬರ್ ಮೊದಲ ವಾರದಲ್ಲಿತ್ತು. ಹಸಿರು ಪಟಾಕಿ (ಕಡಿಮೆ ಮಾಲಿನ್ಯದ್ದು) ಮಾತ್ರ, ಸರಪಟಾಕಿ ಬೇಡ, ಬೇರಿಯಂ ಎಂಬ ರಾಸಾಯನಿಕ ಬೇಡ, ಆನ್‌ಲೈನ್ ಮಾರಾಟ ಬೇಡ, ರಾತ್ರಿ 8ರಿಂದ 10ರವರೆಗೆ ಮಾತ್ರ ಹೊಡೆಯಬೇಕು ಎಂಬ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ಅಕ್ಟೋಬರ್ 23ಕ್ಕೆ. 2020ರಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕ ಸರ್ಕಾರ ಪಟಾಕಿ ನಿಷೇಧ ಎಂದು ಪ್ರಕಟಿಸಿದ್ದು ನವೆಂಬರ್ 6ಕ್ಕೆ, ಆಮೇಲೆ ಹಸಿರು ಪಟಾಕಿಗೆ ಮಾತ್ರ ಅವಕಾಶ ಎಂದು ತಿದ್ದಿತು. ಹಬ್ಬ ಇದ್ದದ್ದು ನವೆಂಬರ್ 14ಕ್ಕೆ. 2023ರ ಅಕ್ಟೋಬರ್ 7ರಂದು ಬೆಂಗಳೂರು ಹತ್ತಿರದ ಅತ್ತಿಬೆಲೆಯಲ್ಲಿ ಪಟಾಕಿ ದಾಸ್ತಾನಿಗೆ ಬೆಂಕಿ ಬಿದ್ದು ಹದಿನಾಲ್ಕು ಜನ ಸತ್ತರು, ಆಸ್ಪತ್ರೆಯಲ್ಲಿದ್ದವರೂ ತೀರಿಕೊಂಡು ಸಂಖ್ಯೆ ಇನ್ನೂ ಏರಿತು. ಅದಾದ ಮೇಲೆ ರಾಜಕೀಯ ಮೆರವಣಿಗೆ, ಮದುವೆ, ಗಣೇಶೋತ್ಸವಗಳಲ್ಲಿ ಪಟಾಕಿ ಹೊಡೆಯಬಾರದು ಎಂದಾಯಿತು, ಮಳಿಗೆಗಳ ತಪಾಸಣೆಯೂ ಬಿಗಿಯಾಯಿತು. ದೆಹಲಿಯದ್ದು ಇನ್ನೂ ವಿಚಿತ್ರ. ಅಲ್ಲಿ ಪೂರ್ಣ ನಿಷೇಧ ಇದ್ದದ್ದನ್ನು 2025ರ ಅಕ್ಟೋಬರ್ 15ರಂದು ಕೋರ್ಟ್ ಸಡಿಲಿಸಿ, 18ರಿಂದ 20ರವರೆಗೆ ಹಸಿರು ಪಟಾಕಿ ಮಾರಬಹುದು ಎಂದಿತು. ಅಂದರೆ ತಯಾರಿಗೆ ಸಿಕ್ಕಿದ್ದು ಎರಡು ದಿನ, ವ್ಯಾಪಾರಕ್ಕೆ ಮೂರು.

ಈ ಪಟ್ಟಿಯಿಂದ ಬಜೆಟ್‌ಗೆ ಒಂದು ಸೂತ್ರ ಸಿಗುತ್ತದೆ. ಹಬ್ಬಕ್ಕೆ ಎರಡು ವಾರ ಇರುವವರೆಗೂ ಯಾವ ನಿಯಮವೂ ಖಾಯಂ ಅಲ್ಲ, ಆಮೇಲೂ ಬದಲಾಗಬಹುದು ಎಂದುಕೊಂಡೇ ದುಡ್ಡು ಬಿಚ್ಚಬೇಕು. ನಿಮ್ಮ ಹಾಳೆಯಲ್ಲಿ ಆ ಗೆರೆ ಎಳೆದು, ಅದರ ಎಡಕ್ಕೆ ವಾಪಸ್ ಬರುವ ಖರ್ಚು ಮಾತ್ರ ಇಡಿ.

ಕಾಗದ ಬಂದಷ್ಟೇ ಕಾಸು

ಹಣವನ್ನು ಮೂರು ಕಂತು ಮಾಡಿ. ಪ್ರತಿ ಕಂತೂ ಒಂದೊಂದು ಕಾಗದಕ್ಕೆ ಕಟ್ಟುಬಿದ್ದಿರಲಿ.

ಮೊದಲ ಕಂತು ಅರ್ಜಿಗೆ. ತಾತ್ಕಾಲಿಕ ಮಳಿಗೆಗೆ ಪರವಾನಗಿ ಕೊಡುವವರು ಜಿಲ್ಲಾಧಿಕಾರಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಯಂಥ ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸರ ಕಡೆಯಿಂದ. ಅರ್ಜಿ ಶುಲ್ಕ ಇಡೀ ಬಜೆಟ್‌ನಲ್ಲಿ ಲೆಕ್ಕಕ್ಕೇ ಬರದ ಮೊತ್ತ. ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ), ಜಾಗದವರ ಒಪ್ಪಿಗೆ ಪತ್ರ, ನಕ್ಷೆ, ಫೋಟೊ, ಜೆರಾಕ್ಸ್, ಓಡಾಟದ ಪೆಟ್ರೋಲ್ ಇವು ಕೂಡಿದಾಗ ನಾಲ್ಕಾರು ಸಾವಿರ ಆಗುತ್ತದೆ. ಇದು ಹೋದರೂ ಹೋಗಲಿ ಎಂದುಕೊಳ್ಳಬಹುದಾದ ಖರ್ಚು.

ಎರಡನೆಯ ಕಂತು ಜಾಗ ಹಂಚಿಕೆಯಾದ ಮೇಲೆ. ಮೈದಾನದಲ್ಲಿ ಲಾಟರಿ ಎತ್ತಿ ಮಳಿಗೆ ನಂಬರ್ ಕೊಡುವ ಕಡೆ ಬಾಡಿಗೆಯನ್ನು ಮೊದಲೇ ಕಟ್ಟಬೇಕಾಗುತ್ತದೆ. ಖಾಸಗಿ ಜಾಗವಾದರೆ ಒಂದು ಮಾತು ಕೇಳಿಯೇ ಅಡ್ವಾನ್ಸ್ ಕೊಡಿ: “ಲೈಸೆನ್ಸ್ ಬರಲಿಲ್ಲ ಅಂದ್ರೆ ಎಷ್ಟು ವಾಪಸ್ ಕೊಡ್ತೀರಾ ಸಾರ್?” ಉತ್ತರ ಏನೇ ಇರಲಿ, ಅದನ್ನು ರಸೀದಿಯ ಹಿಂದೆ ಬರೆಸಿಕೊಂಡು ಸಹಿ ಹಾಕಿಸಿ. ನಾಳೆ ನಿಷೇಧ ಬಂದರೆ ಬಾಯಿಮಾತು ಯಾರಿಗೂ ನೆನಪಿರುವುದಿಲ್ಲ.

ಮೂರನೆಯ ಕಂತು ಮಾಲಿಗೆ. ಇದೇ ದೊಡ್ಡದು. ಪರವಾನಗಿಯ ಪ್ರತಿ ಕೈಗೆ ಬರುವವರೆಗೂ ಮಾಲಿಗೆ ಬುಕಿಂಗ್ ಅಡ್ವಾನ್ಸ್ ಬಿಟ್ಟು ಇನ್ನೇನೂ ಕಟ್ಟಬೇಡಿ. ಬೇಗ ಕಟ್ಟಿದರೆ ಎರಡು ಪರ್ಸೆಂಟ್ ಜಾಸ್ತಿ ಬಿಡುತ್ತೇನೆ ಎಂದು ಹೋಲ್‌ಸೇಲಿನವರು ಹೇಳುತ್ತಾರೆ. ನಾಲ್ಕು ಲಕ್ಷದ ಮಾಲಿಗೆ ಅದು ಎಂಟು ಸಾವಿರ. ಆ ಎಂಟು ಸಾವಿರಕ್ಕೆ ನೀವು ಹೊತ್ತುಕೊಳ್ಳುವ ಅಪಾಯ ಎಷ್ಟು ಅನ್ನುವುದನ್ನು ಕೆಳಗೆ ಲೆಕ್ಕ ಹಾಕಿ ತೋರಿಸಿದ್ದೇನೆ.

ಮಳಿಗೆಯ ಖರ್ಚು: ನಿಯಮವೇ ಬರೆದುಕೊಟ್ಟ ಪಟ್ಟಿ

2008ರ ನಿಯಮಗಳಲ್ಲಿ 84ನೆಯದು ಹಬ್ಬದ ತಾತ್ಕಾಲಿಕ ಮಳಿಗೆಗಳಿಗೆಂದೇ ಇದೆ. ಅದನ್ನು ಕಾನೂನು ಎಂದು ಓದುವ ಬದಲು ಖರ್ಚಿನ ಪಟ್ಟಿ ಎಂದು ಓದಿ.

ಮಳಿಗೆ ಬೆಂಕಿ ಹತ್ತದ ವಸ್ತುವಿನದ್ದಾಗಿರಬೇಕು. ಅಂದರೆ ಶಾಮಿಯಾನ, ಬಿದಿರು, ತೆಂಗಿನ ಗರಿ ಎಲ್ಲ ಹೋಯಿತು, ತಗಡಿನ ಶೀಟು ಬಂತು. ಒಂದು ಮಳಿಗೆಯಿಂದ ಇನ್ನೊಂದಕ್ಕೆ ಕನಿಷ್ಠ 3 ಮೀಟರ್, ಮನೆ, ಶಾಲೆ, ಗುಡಿ, ಆಸ್ಪತ್ರೆಯಂಥವುಗಳಿಂದ 50 ಮೀಟರ್ ದೂರ ಇರಬೇಕು. ಎದುರುಬದುರು ಮಳಿಗೆ ಹಾಕುವಂತಿಲ್ಲ. ಒಂದು ಗುಂಪಿನಲ್ಲಿ 50ಕ್ಕಿಂತ ಹೆಚ್ಚು ಇರುವಂತಿಲ್ಲ. ಈ ಅಳತೆಗಳನ್ನು ಕಟ್ಟುನಿಟ್ಟಾಗಿ ಹಿಡಿದರೆ ಊರೊಳಗಿನ ಮುಖ್ಯರಸ್ತೆಯ ಪಕ್ಕದ ಯಾವ ಜಾಗವೂ ಉಳಿಯುವುದಿಲ್ಲ, ಮೈದಾನವೇ ಗತಿ. ಮೈದಾನ ಕಡಿಮೆ, ಕೇಳುವವರು ಹೆಚ್ಚು, ಹಾಗಾಗಿ ತಪಾಸಣೆ ಬಿಗಿಯಾದ ವರ್ಷ ಶುಲ್ಕ ಒಂದು ಪೈಸೆ ಏರದಿದ್ದರೂ ಜಾಗದ ಬಾಡಿಗೆ ಏರುತ್ತದೆ. ಹೊಸಬರು ಲೆಕ್ಕ ತಪ್ಪುವುದು ಇಲ್ಲೇ. ಕಳೆದ ವರ್ಷದ ಬಾಡಿಗೆಯನ್ನು ಈ ವರ್ಷದ ಬಜೆಟ್‌ಗೆ ಹಾಗೇ ನಕಲು ಮಾಡಬೇಡಿ.

ವಿದ್ಯುತ್ತಿನ ಕೆಲಸಕ್ಕೂ ಇದೇ ನಿಯಮದಲ್ಲಿ ಸೂಚನೆ ಇದೆ. ದೀಪವನ್ನು ಗೋಡೆಗೋ ಚಾವಣಿಗೋ ಗಟ್ಟಿಯಾಗಿ ಕೂರಿಸಬೇಕು, ವೈರಿನಲ್ಲಿ ಬಲ್ಬು ಜೋತಾಡಿಸುವಂತಿಲ್ಲ. ಸ್ವಿಚ್ಚು ಗೋಡೆಗೆ ಕೂತಿರಬೇಕು, ಸಾಲಿಗೊಂದು ಮೇನ್ ಸ್ವಿಚ್ ಇರಬೇಕು. ಎಣ್ಣೆ ದೀಪ, ಗ್ಯಾಸ್ ಲೈಟು, ಬರಿ ಬೆಂಕಿ ಹತ್ತಿರ ಸುಳಿಯಬಾರದು. ಮಳಿಗೆಯ ಪೂಜೆಗೆ ಹಚ್ಚುವ ಊದುಬತ್ತಿಯೂ ಈ ಮಾತಿನೊಳಗೇ ಬಂತು. ನಿಮ್ಮ ಮಾಮೂಲಿ ವೈರಿಂಗ್ ಹುಡುಗ ಇನ್ನೂರು ರೂಪಾಯಿಗೆ ಎಳೆದುಕೊಟ್ಟು ಹೋಗುವ ಲೈನು ಇಲ್ಲಿ ನಡೆಯುವುದಿಲ್ಲ. ತಪಾಸಣೆಗೆ ಬಂದವರು ಬಿಚ್ಚಿಸಿ ಮತ್ತೆ ಹಾಕಿಸಿದರೆ ಎರಡು ಸಲ ಕೂಲಿ, ಜೊತೆಗೆ ಅರ್ಧ ದಿನದ ವ್ಯಾಪಾರ. ಸಾಲಿನವರೆಲ್ಲ ಸೇರಿ ಒಬ್ಬನೇ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಿದರೆ ಅಗ್ಗ. ತಗಡು, ನೀರಿನ ಡ್ರಮ್ಮು, ಮರಳಿನ ಬಕೆಟ್ಟು, ಬೆಂಕಿ ಆರಿಸುವ ಸಿಲಿಂಡರ್ ಕೂಡ ಹಾಗೆಯೇ, ಒಟ್ಟಿಗೆ ಬಾಡಿಗೆಗೆ ತಂದರೆ ಖರ್ಚು ಇಳಿಯುತ್ತದೆ. ಸಿಲಿಂಡರ್ ತರುವಾಗ ಮುಳ್ಳು ಹಸಿರು ಗೆರೆಯಲ್ಲಿದೆಯೇ, ತುಂಬಿಸಿದ ತಾರೀಖು ಬರೆದಿದೆಯೇ ನೋಡಿ.

ಮಾಲು: ಯಾವುದು ಎಷ್ಟು

ಇಡೀ ಬಜೆಟ್ ಏಳುವುದೂ ಬೀಳುವುದೂ ಇಲ್ಲಿ. ದೇಶದ ಪಟಾಕಿಯ ಬಹುಪಾಲು ತಮಿಳುನಾಡಿನ ವಿರುಧುನಗರ ಜಿಲ್ಲೆಯ ಶಿವಕಾಶಿ ಸುತ್ತಮುತ್ತಲಿನಿಂದ ಬರುತ್ತದೆ. ಅಲ್ಲಿಯ ದರಪಟ್ಟಿ ಕೈಗೆ ಬಂದ ಕೂಡಲೇ ಮೊದಲು ಮಾಡಬೇಕಾದ ಕೆಲಸ ಎಂಆರ್‌ಪಿ ಕಾಲಂ ಹೊಡೆದುಹಾಕುವುದು. ಶೇ 80 ರಿಯಾಯಿತಿ, ಶೇ 85 ರಿಯಾಯಿತಿ ಎಂದು ಬರೆದಿರುವುದೆಲ್ಲ ಗಿರಾಕಿಯ ಕಣ್ಣಿಗೆ. ನಿಮಗೆ ಬೇಕಾದದ್ದು ನೆಟ್ ರೇಟು, ಅದರ ಮೇಲೆ ಜಿಎಸ್‌ಟಿ, ಅದರ ಮೇಲೆ ಲಾರಿ ಬಾಡಿಗೆ, ಹಮಾಲಿ. ಅಷ್ಟೂ ಕೂಡಿದ ಮೇಲೆ ಒಂದು ಬಾಕ್ಸ್ ನಿಮ್ಮ ಮಳಿಗೆಗೆ ಬಿದ್ದ ಬೆಲೆ ಎಷ್ಟೋ ಅದನ್ನು ಮಾತ್ರ ಬರೆದುಕೊಳ್ಳಿ.

ಈಗ ಮಾಲನ್ನು ನಿಯಮದ ಕಣ್ಣಿನಲ್ಲಿ ಮೂರು ರಾಶಿ ಮಾಡಿ.

ನಿಷೇಧ ಆಗಿರುವುದು ಒಂದು ರಾಶಿ. ಸರಪಟಾಕಿ, ಅಂದರೆ ಸಾವಿರದ ಸರ, ಐದು ಸಾವಿರದ ಸರ ಇತ್ಯಾದಿ, 2018ರಿಂದಲೇ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಬೇರಿಯಂ ಲವಣ ಬಳಸಿದವೂ ಅಷ್ಟೇ. 2021ರ ಅಕ್ಟೋಬರ್ 29ರ ಆದೇಶದಲ್ಲಿ ಕೋರ್ಟ್ ಇದನ್ನು ಮತ್ತೊಮ್ಮೆ ಒತ್ತಿ ಹೇಳಿತು. ಆದರೂ ಹೋಲ್‌ಸೇಲ್ ಅಂಗಡಿಯಲ್ಲಿ ಬಿಲ್ ಬರೆಯುವವನು ದನಿ ತಗ್ಗಿಸಿ, “ಅಣ್ಣ, ಸರ ಎರಡು ಕೇಸ್ ಹಾಕ್ಲಾ? ಕೇಳ್ಕೊಂಡು ಬರ್ತಾರೆ” ಅನ್ನುತ್ತಾನೆ. ಬಿಲ್ಲಿನಲ್ಲಿ ಅದು ಬೇರೆ ಹೆಸರಿನಲ್ಲಿ ಇರುತ್ತದೆ. ಅದರ ಮೇಲಿನ ಲಾಭ ಎಷ್ಟೇ ಇರಲಿ, ಬಜೆಟ್‌ನಲ್ಲಿ ಅದರ ಬೆಲೆ ಸೊನ್ನೆ ಎಂದೇ ಹಿಡಿಯಬೇಕು. ಸಿಕ್ಕಿಬಿದ್ದರೆ ಹೋಗುವುದು ಎರಡು ಕೇಸ್ ಅಲ್ಲ, ಮಳಿಗೆಯೇ ಮುಚ್ಚುತ್ತದೆ, ಮಾಲೆಲ್ಲ ಜಪ್ತಿ. 2018ರ ತೀರ್ಪಿನಲ್ಲಿ ಆದೇಶ ಉಲ್ಲಂಘನೆಯಾದರೆ ಆಯಾ ಪೊಲೀಸ್ ಠಾಣೆಯ ಅಧಿಕಾರಿಯೇ ವೈಯಕ್ತಿಕವಾಗಿ ಹೊಣೆ ಎಂದು ಬರೆದಿದೆ. ಹಾಗಿರುವಾಗ ಇನ್‌ಸ್ಪೆಕ್ಟರು ನಿಮ್ಮ ಪರಿಚಯದವರೇ ಆಗಿದ್ದರೂ ಕಣ್ಣು ಮುಚ್ಚಿಕೊಳ್ಳಲಿ ಎಂದು ಬಯಸುವುದು ದಡ್ಡತನ.

ಎರಡನೆಯ ರಾಶಿ ನಿಯಮದ ಅಂಚಿನಲ್ಲಿರುವ ಸದ್ದಿನ ಪಟಾಕಿ. ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರಬಾರದು ಎಂಬುದು 1999ರಿಂದ ಇರುವ ಮಿತಿ. ಲಕ್ಷ್ಮೀ ಪಟಾಕಿ, ಆಟಂ ಬಾಂಬ್ ತರಹದವು ಇವತ್ತು ಓಡುತ್ತವೆ, ನಾಳೆ ಒಂದು ಸುತ್ತೋಲೆ ಬಂದರೆ ನಿಲ್ಲುತ್ತವೆ. ಇದರ ಜೊತೆಗೆ ಹೊಡೆಯುವ ಸಮಯ ಎರಡು ಗಂಟೆಗೆ ಇಳಿದಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಮಯದ ಮಿತಿ ವ್ಯಾಪಾರವನ್ನು ನೇರವಾಗಿ ತಡೆಯುವುದಿಲ್ಲ, ಆದರೆ ಬೆಳಗಿನಿಂದ ಬಿಟ್ಟುಬಿಟ್ಟು ಹೊಡೆಯುವ ಪುಡಿ ಪಟಾಕಿಯ ಕೊಳ್ಳುವಿಕೆ ತಗ್ಗುತ್ತದೆ, ರಾತ್ರಿ ಬೆಳಕಿಗೆ ಹಚ್ಚುವವುಗಳ ಕಡೆ ಗಿರಾಕಿ ವಾಲುತ್ತಾನೆ.

ಮೂರನೆಯ ರಾಶಿ ಸುರುಸುರುಬತ್ತಿ, ಹೂಕುಂಡ, ಭೂಚಕ್ರ, ಮತಾಪು, ಮಕ್ಕಳ ಗಿಫ್ಟ್ ಬಾಕ್ಸ್. ಯಾವ ವರ್ಷ ಯಾವ ಆದೇಶ ಬಂದರೂ ಕೊನೆಗೆ ಉಳಿಯುವವು ಇವೇ. ಬಂಡವಾಳದ ಹತ್ತಿರಹತ್ತಿರ ಮುಕ್ಕಾಲು ಪಾಲು ಈ ರಾಶಿಯಲ್ಲಿರಲಿ ಅನ್ನುವುದು ನನ್ನ ಸಲಹೆ. ಲಾಭದ ಪ್ರಮಾಣ ಕಡಿಮೆ ಎಂದು ಹಳಬರು ಮೂಗು ಮುರಿಯಬಹುದು, ಮುರಿಯಲಿ. ಆದರೆ ಇವೂ ಹಸಿರು ಪಟಾಕಿಯೇ ಆಗಿರಬೇಕು. ಪ್ಯಾಕೆಟ್ ಮೇಲೆ ಸಿಎಸ್‌ಐಆರ್-ನೀರಿ ಎಂಬ ಕೇಂದ್ರದ ಸಂಶೋಧನಾ ಸಂಸ್ಥೆಯ ಹಸಿರು ಲಾಂಛನ ಮತ್ತು ಕ್ಯೂಆರ್ ಕೋಡ್ ಇದೆಯೇ ನೋಡಿ. ಲಾಂಛನ ಅಚ್ಚು ಹಾಕುವುದು ಯಾರಿಗೂ ಕಷ್ಟವಲ್ಲ, ಹಾಗಾಗಿ ಪ್ರತಿ ಬ್ರಾಂಡಿನ ಒಂದು ಪ್ಯಾಕೆಟ್ಟನ್ನಾದರೂ ಗೋಡೌನಿನಲ್ಲೇ ನಿಂತು ಸ್ಕ್ಯಾನ್ ಮಾಡಿ. ಸ್ಕ್ಯಾನ್ ಆಗದ ಮಾಲು ಹತ್ತು ರೂಪಾಯಿ ಕಡಿಮೆಗೆ ಸಿಕ್ಕರೂ ಬೇಡ.

ಇನ್ನೊಂದು: ಎಷ್ಟು ಕೆ.ಜಿ. ಇಡಬಹುದು ಎಂಬುದು ಪರವಾನಗಿಯ ಮೇಲೆಯೇ ಬರೆದಿರುತ್ತದೆ, ಪಟಾಕಿಗೆ ಬೇರೆ, ಸುರುಸುರುಬತ್ತಿಗೆ ಬೇರೆ. ಆ ತೂಕ ಮೀರಿ ತಂದ ಮಾಲು ಮನೆಯಲ್ಲೋ ಅಂಗಡಿಯ ಅಟ್ಟದಲ್ಲೋ ಕೂರುತ್ತದೆ. ಅತ್ತಿಬೆಲೆಯ ಸುದ್ದಿಯನ್ನು ಓದಿದವರಿಗೆ ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ

ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲೆಂದು ಹಾಕಿದವು. ನಿಮ್ಮ ಊರಿನ ದರ ಹಾಕಿ ಬದಲಿಸಿಕೊಳ್ಳಿ.

ಜಾಗದ ಬಾಡಿಗೆ 40,000, ತಗಡಿನ ಮಳಿಗೆ 30,000, ವೈರಿಂಗು 8,000, ಬೆಂಕಿ ಆರಿಸುವ ಸಾಮಾನು 7,000, ಅರ್ಜಿ ಓಡಾಟ 5,000, ವಿಮೆ 5,000. ಒಟ್ಟು 95,000. ಇದು ಒಂದು ದಿನ ಮಾರಿದರೂ ಅಷ್ಟೇ, ಏಳು ದಿನ ಮಾರಿದರೂ ಅಷ್ಟೇ. ಹುಡುಗರ ಕೂಲಿ, ಊಟ-ಟೀ, ರಾತ್ರಿ ಕಾವಲು ಸೇರಿ ದಿನಕ್ಕೆ 4,000. ಮಾಲು ಜಿಎಸ್‌ಟಿ ಸೇರಿ 4 ಲಕ್ಷ, ಸಾಗಣೆ 16,000. ನೂರು ರೂಪಾಯಿಯ ಮಾಲನ್ನು ನೂರೈವತ್ತಕ್ಕೆ ಮಾರುತ್ತೀರಿ. ಮಿಕ್ಕಿದ್ದನ್ನು ಹೋಲ್‌ಸೇಲಿನವರು ಶೇ 70ರ ಬೆಲೆಗೆ ವಾಪಸ್ ತೆಗೆದುಕೊಳ್ಳುತ್ತಾರೆ.

ಎಲ್ಲ ಸುಸೂತ್ರವಾದ ವರ್ಷ: ಏಳು ದಿನ ವ್ಯಾಪಾರ, ಮಾಲಿನ ಶೇ 90 ಖಾಲಿ. ಮಾರಾಟದಿಂದ 5,40,000, ವಾಪಸ್ ಮಾಲಿನಿಂದ 28,000, ಒಟ್ಟು 5,68,000. ಖರ್ಚು 5,39,000. ಉಳಿದದ್ದು 29,000. ಗಲ್ಲಾಪೆಟ್ಟಿಗೆ ತುಂಬಿ ತುಳುಕಿದ ವಾರದ ಕೊನೆಗೆ ಕೈಯಲ್ಲಿ ನಿಲ್ಲುವುದು ಇಷ್ಟು. ವಾಪಸ್ ತೆಗೆದುಕೊಳ್ಳುವ ಮಾತು ಇಲ್ಲದಿದ್ದರೆ ಒಂದು ಸಾವಿರ.

ಆದೇಶ ತಡವಾಗಿ ಪರವಾನಗಿ ನಾಲ್ಕು ದಿನಕ್ಕೆ ಮಾತ್ರ ಸಿಕ್ಕಿತು ಎಂದುಕೊಳ್ಳಿ. ಹೆಚ್ಚಿನ ವ್ಯಾಪಾರ ಹೇಗೂ ಕೊನೆಯ ಎರಡು ಮೂರು ದಿನಗಳಲ್ಲೇ ಆಗುವುದರಿಂದ ಶೇ 65 ಮಾಲು ಹೋಗುತ್ತದೆ. ಮಾರಾಟ 3,90,000, ವಾಪಸ್ 98,000. ಖರ್ಚು 5,27,000. ನಷ್ಟ 39,000. ವಾಪಸ್ ತೆಗೆದುಕೊಳ್ಳದಿದ್ದರೆ ನಷ್ಟ 1,37,000.

ಈಗ ಅದೇ ನಾಲ್ಕು ದಿನ, ಆದರೆ ಮಾಲು ಎರಡು ಲೋಡಿನಲ್ಲಿ. ಮೊದಲ ಲೋಡು 2,60,000ದ್ದು, ಸಾಗಣೆ 12,000. ಎರಡನೆಯದನ್ನು ವ್ಯಾಪಾರ ನೋಡಿಕೊಂಡು ತರಿಸುವುದು, ಇಲ್ಲಿ ತರಿಸಲೇ ಇಲ್ಲ. 2,40,000ದ ಮಾಲು ಹೋಯಿತು, ಮಾರಾಟ 3,60,000, ವಾಪಸ್ 14,000. ಖರ್ಚು 3,83,000. ನಷ್ಟ 9,000ಕ್ಕೆ ನಿಂತಿತು.

ಎರಡು ಲೋಡಿನ ಕ್ರಮದಿಂದ ಒಳ್ಳೆಯ ವರ್ಷದಲ್ಲಿ ಸ್ವಲ್ಪ ಕಳೆದುಕೊಳ್ಳುತ್ತೀರಿ. ಎರಡನೇ ಸಲ 1,20,000ದ ಮಾಲು ತಂದು, ಸಾಗಣೆ ಒಟ್ಟು 20,000 ಆಗಿ, 3,50,000ದ ಮಾಲು ಹೋದರೆ ಲಾಭ 23,000ಕ್ಕೆ ಇಳಿಯುತ್ತದೆ. ಅಂದರೆ ಒಳ್ಳೆಯ ವರ್ಷ ಆರು ಸಾವಿರ ಬಿಟ್ಟುಕೊಟ್ಟು ಕೆಟ್ಟ ವರ್ಷ ಮೂವತ್ತು ಸಾವಿರ ಉಳಿಸಿಕೊಂಡಂತೆ. ವಾಪಸ್ ಮಾತೂ ಇಲ್ಲದ ವರ್ಷದಲ್ಲಿ ಈ ಅಂತರ ಲಕ್ಷ ದಾಟುತ್ತದೆ. ಮುಂಚೆ ಹೇಳಿದ ಎರಡು ಪರ್ಸೆಂಟಿನ ಎಂಟು ಸಾವಿರವನ್ನು ಇದರ ಪಕ್ಕ ಇಟ್ಟು ನೋಡಿ.

ಎರಡನೇ ಲೋಡಿಗೆ ಶಿವಕಾಶಿ ದೂರವಾಗುತ್ತದೆ. ಬೆಂಗಳೂರು ಕಡೆಯವರು ಅದಕ್ಕೆ ಹೊಸೂರು ಸುತ್ತಲಿನ ಪರವಾನಗಿ ಇರುವ ಹೋಲ್‌ಸೇಲಿನವರ ಹತ್ತಿರ ಮಾತಾಡಿಟ್ಟುಕೊಳ್ಳುವುದು ಮೇಲು, ದರ ಒಂದೆರಡು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ. ಬಸ್ಸಿನಲ್ಲೋ ರೈಲಿನಲ್ಲೋ ಎರಡು ಚೀಲ ತಂದುಬಿಡೋಣ ಎಂಬ ಯೋಚನೆ ಮಾತ್ರ ಬೇಡವೇ ಬೇಡ. ರೈಲಿನಲ್ಲಿ ಪಟಾಕಿ ಒಯ್ಯುವುದು ಜೈಲು ಶಿಕ್ಷೆಯವರೆಗೂ ಹೋಗುವ ಅಪರಾಧ.

ಜಿಎಸ್‌ಟಿ ಯಾರ ತಲೆಗೆ?

ಪಟಾಕಿಗೆ ಈಗ ಶೇ 18. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಶೇ 28 ಇತ್ತು, ನವೆಂಬರಿನಲ್ಲಿ ಇಳಿಸಿದರು. ಅಷ್ಟರಲ್ಲಿ ಆ ವರ್ಷದ ದೀಪಾವಳಿ ಮುಗಿದಿತ್ತು! ತೆರಿಗೆ ಇಳಿಯಬಹುದು ಎಂಬ ಸುದ್ದಿ ನಂಬಿ ಮಾರಾಟದ ದರ ನಿಗದಿ ಮಾಡಬೇಡಿ.

ನಿಮಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಕೊಟ್ಟ ಶೇ 18 ಪೂರ್ತಿ ಖರ್ಚೇ, ವಾಪಸ್ ಬರುವುದಿಲ್ಲ. ಮೇಲಿನ ಲೆಕ್ಕ ಹಾಗೆಯೇ ಹಾಕಿರುವುದು. ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ಈ 40 ಲಕ್ಷ ನಿಮ್ಮ ಪ್ಯಾನ್ ನಂಬರಿನ ಇಡೀ ವ್ಯಾಪಾರಕ್ಕೆ ಅನ್ವಯ. ಕಿರಾಣಿ ಅಂಗಡಿಯಲ್ಲಿ 36 ಲಕ್ಷ ಆಗಿ, ಪಟಾಕಿಯಲ್ಲಿ 5 ಲಕ್ಷ ಆದರೆ ಗೆರೆ ದಾಟಿದಿರಿ. ಏಳು ದಿನದ ಮಳಿಗೆಯಿಂದ ವರ್ಷದ ಅಂಗಡಿಗೆ ತೆರಿಗೆಯ ತಲೆನೋವು ಅಂಟಿಕೊಳ್ಳುವುದು ಹೀಗೆ. ಕಾಂಪೊಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಪದ್ಧತಿ) ಇರುವವರು ಮಾರಾಟದ ಶೇ 1 ಕೈಯಿಂದ ಕಟ್ಟಬೇಕು, ಗಿರಾಕಿಯಿಂದ ತೆರಿಗೆ ಎಂದು ಕೇಳುವಂತಿಲ್ಲ, ಕೊಟ್ಟ ಶೇ 18ರ ಕ್ರೆಡಿಟ್ಟೂ (ಕಟ್ಟಬೇಕಾದ ತೆರಿಗೆಯಲ್ಲಿ ವಜಾ) ಇಲ್ಲ. ಮಾಮೂಲಿ ನೋಂದಣಿ ಇರುವವರು ಮಳಿಗೆಯ ಜಾಗವನ್ನು ಹೆಚ್ಚುವರಿ ವ್ಯಾಪಾರ ಸ್ಥಳ ಎಂದು ಸೇರಿಸಿಕೊಂಡರೆ ಕ್ರೆಡಿಟ್ ತೆಗೆದುಕೊಳ್ಳಬಹುದು. ಮಾಲಿನ ಬೆಲೆ 50,000 ದಾಟಿದರೆ ಲಾರಿಯ ಜೊತೆ ಇ-ವೇ ಬಿಲ್ (ಸರಕು ಸಾಗಣೆಗೆ ಆನ್‌ಲೈನಿನಲ್ಲಿ ಪಡೆಯುವ ಚೀಟಿ) ಇರಲೇಬೇಕು. ಬಿಲ್ ಇಲ್ಲದ ಅಗ್ಗದ ಮಾಲು ಚೆಕ್‌ಪೋಸ್ಟಿನಲ್ಲಿ ನಿಂತರೆ ಹಬ್ಬ ಅಲ್ಲೇ ಕಳೆಯುತ್ತದೆ.

ಪಟಾಕಿ ಚೀಟಿ ನಡೆಸುವವರಿಗೆ

ಬೆಂಗಳೂರು ಸುತ್ತ ಪಟಾಕಿ ಚೀಟಿ ಗೊತ್ತಿಲ್ಲದ ಬಡಾವಣೆ ಇಲ್ಲ. ತಿಂಗಳಿಗಿಷ್ಟು ಎಂದು ಕಟ್ಟಿಸಿಕೊಂಡು ಹಬ್ಬಕ್ಕೆ ಪಟಾಕಿ ಬಾಕ್ಸು, ಜೊತೆಗೆ ಒಂದು ಸ್ವೀಟ್ ಡಬ್ಬಿಯೋ ಸ್ಟೀಲ್ ಪಾತ್ರೆಯೋ. ನಿಯಮ ಬದಲಾದಾಗ ಅತಿ ಹೆಚ್ಚು ಸಿಕ್ಕಿಹಾಕಿಕೊಳ್ಳುವವರು ಇವರೇ, ಯಾಕೆಂದರೆ ಮಾಲು ಕೊಡುವ ಮೊದಲೇ ದುಡ್ಡು ತೆಗೆದುಕೊಂಡಾಗಿದೆ, ಅದೂ ಪಕ್ಕದ ಮನೆಯವರಿಂದ.

ಆ ಹಣವನ್ನು ಬೇರೆ ಖಾತೆಯಲ್ಲಿಡಿ, ಮಳಿಗೆಯ ಬಾಡಿಗೆಗೆ ತಿರುಗಿಸಬೇಡಿ. ಮೊದಲ ತಿಂಗಳೇ ಕಾರ್ಡಿನ ಮೇಲೆ ಎರಡು ಸಾಲು ಅಚ್ಚು ಹಾಕಿಸಿ: ಸರ್ಕಾರದ ಆದೇಶದಿಂದ ಯಾವುದಾದರೂ ಪಟಾಕಿ ನಿಂತರೆ ಅಷ್ಟೇ ಬೆಲೆಯ ಬೇರೆ ಐಟಂ ಕೊಡಲಾಗುವುದು, ಮಾರಾಟವೇ ನಿಂತರೆ ಹಣ ವಾಪಸ್. ಬಾಕ್ಸಿನಲ್ಲಿ ಏನೇನಿರುತ್ತದೆ ಎಂದು ಬರೆಯುವಾಗ ಸರಪಟಾಕಿಯ ಹೆಸರು ಎತ್ತಬೇಡಿ. ನೂರು ಕಾರ್ಡು ಇದ್ದರೆ ನೂರು ಬಾಕ್ಸಿನ ಮಾಲು ಖಾತ್ರಿ ಮಾರಾಟ, ಅಷ್ಟನ್ನು ಮೊದಲ ಲೋಡಿನಲ್ಲೇ ತನ್ನಿ. ಚೀಟಿಯ ನಿಜವಾದ ಲಾಭ ಇದು, ಮಿಗುವ ಮಾಲಿನ ಭಯ ಇಲ್ಲ. ಬಾಕ್ಸುಗಳನ್ನು ಮಾತ್ರ ಮನೆಗೆ ತಂದು ಪೇರಿಸಬೇಡಿ, ಪರವಾನಗಿ ಇರುವ ಮಳಿಗೆಯಿಂದಲೇ ಹಂಚಿ.

ಕೆಲಸದ ಹುಡುಗರು, ವಿಮೆ, ಸಾಲ

ಅತ್ತಿಬೆಲೆಯಲ್ಲಿ ಸತ್ತವರಲ್ಲಿ ಹಲವರು ಹಬ್ಬದ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದಿದ್ದ ಎಳೆಯ ಹುಡುಗರು. ಹದಿನೆಂಟು ತುಂಬದವರನ್ನು ಈ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಅಣ್ಣನ ಮಗ, ಅಕ್ಕನ ಮಗ ಎಂಬ ರಿಯಾಯಿತಿಯೂ ಇಲ್ಲ. ಕೂಲಿಯನ್ನು ವಯಸ್ಕರ ದರದಲ್ಲೇ ಹಿಡಿಯಿರಿ. ರಾತ್ರಿ ಮಳಿಗೆಯೊಳಗೆ ಯಾರನ್ನೂ ಮಲಗಿಸಬಾರದು, ಕಾವಲಿನವನಿಗೆ ಹೊರಗೆ ಕುರ್ಚಿ. ವಿಮೆ ಮಾಡಿಸುವಾಗ ಮಾಲಿಗೆ ಮಾತ್ರವಲ್ಲ, ಗಿರಾಕಿಗೋ ಪಕ್ಕದವರಿಗೋ ಆಗುವ ಅಪಾಯಕ್ಕೂ ಸೇರಿಸಿ ಕೇಳಿ. ತಾತ್ಕಾಲಿಕ ಮಳಿಗೆ ಎಂದು ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

ಸಾಲದ ಬಗ್ಗೆ ಇಷ್ಟೇ: ತಿಂಗಳಿಗೆ ಮೂರು ಪರ್ಸೆಂಟ್ ಬಡ್ಡಿಯಲ್ಲಿ ಎರಡು ಲಕ್ಷ ಎತ್ತಿದರೆ ಎರಡು ತಿಂಗಳಿಗೆ 12,000. ಒಳ್ಳೆಯ ವರ್ಷದ ಲಾಭವೇ 29,000 ಎಂದು ಮೇಲೆ ನೋಡಿದಿರಿ. ಕೈಸಾಲ ಮಾಡಲೇಬೇಕಿದ್ದರೆ ಪರವಾನಗಿ ಬಂದ ದಿನ ಮಾಡಿ, ಆಗಸ್ಟಿನಲ್ಲಲ್ಲ.

ಬಲಿಪಾಡ್ಯಮಿಯ ರಾತ್ರಿ

ಕೊನೆಯ ದಿನದ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಪರವಾನಗಿಯ ಅವಧಿ ಮುಗಿದ ಮೇಲೆ ನಿಮ್ಮ ಬಳಿ ಇರುವ ಒಂದೊಂದು ಬಾಕ್ಸೂ ಪರವಾನಗಿ ಇಲ್ಲದ ದಾಸ್ತಾನು. ತುಳಸಿ ಹಬ್ಬಕ್ಕೆ ಮಾರೋಣ, ಹೊಸ ವರ್ಷಕ್ಕೆ ಇಡೋಣ ಎಂದು ಮನೆಗೆ ಒಯ್ಯುವಂತಿಲ್ಲ. ಹಾಗಾಗಿ ಬಲಿಪಾಡ್ಯಮಿಯ ಸಂಜೆ ಏಳರ ಹೊತ್ತಿಗೆ ಅಸಲು ಬೆಲೆಗೆ ಮಾರಲು ಶುರು ಮಾಡಿ. ಶೇ 70ಕ್ಕೆ ವಾಪಸ್ ಕೊಡುವುದಕ್ಕಿಂತ ನೂರಕ್ಕೆ ನೂರು ಸಿಕ್ಕರೆ ಲಾಭವೇ. ರಾತ್ರಿ ಮುಚ್ಚುವ ಮೊದಲು ಮಿಕ್ಕಿದ್ದನ್ನು ಐಟಂ ಪ್ರಕಾರ ಎಣಿಸಿ, ಒಡೆದ ಪ್ಯಾಕೆಟ್ ಬೇರೆ, ಸೀಲಿದ್ದದ್ದು ಬೇರೆ. ಒಡೆದದ್ದನ್ನು ಹೋಲ್‌ಸೇಲಿನವರು ಮುಟ್ಟುವುದಿಲ್ಲ. ತೇವ ತಗುಲಿದ್ದನ್ನು ಒಲೆಗೆ ಹಾಕಬೇಡಿ, ನೀರಿನಲ್ಲಿ ಪೂರ್ತಿ ನೆನೆಸಿ, ಎಲ್ಲಿ ಹಾಕಬೇಕೆಂದು ಅಗ್ನಿಶಾಮಕದವರನ್ನೇ ಕೇಳಿ.

ಸೀಲಿದ್ದ ಮಾಲನ್ನು ಮರುದಿನವೇ ವಾಪಸ್ ಕಳಿಸಿ, ತೂಕ ಮತ್ತು ಎಣಿಕೆಯ ಚೀಟಿಗೆ ಅಲ್ಲಿಯೇ ಸಹಿ ತೆಗೆದುಕೊಳ್ಳಿ. ಮೈದಾನ ಗುಡಿಸಿಕೊಡದಿದ್ದರೆ ಠೇವಣಿ ಮುರಿದುಕೊಳ್ಳುವ ಕಡೆಗಳಿವೆ, ಇಬ್ಬರಿಗೆ ಅರ್ಧ ದಿನದ ಕೂಲಿಯನ್ನು ಅದಕ್ಕೂ ಎತ್ತಿಡಿ. ಠೇವಣಿಯ ರಸೀದಿ, ವಾಪಸ್ ಚೀಟಿ, ದಿನದಿನದ ಮಾರಾಟದ ಹಾಳೆ ಒಂದೇ ಲಕೋಟೆಗೆ ಹಾಕಿ. ದಿನದ ಹಾಳೆಯಲ್ಲಿ ಮಳೆ ಬಂದ ಗಂಟೆ, ಆದೇಶ ಬಂದ ತಾರೀಖು, ಯಾವ ಐಟಂ ಕೇಳಿ ಇಲ್ಲ ಎಂದಿರೋ ಅದನ್ನೂ ಬರೆದಿರಿ. ಮುಂದಿನ ವರ್ಷ ಮೊದಲ ಲೋಡು ಎಷ್ಟು ಎಂದು ನಿರ್ಧರಿಸುವುದು ಆ ಲಕೋಟೆ ನೋಡಿಯೇ.